ಮೈಕಿನ ಮುಂದೆ ನುಂಗಿದ ಮಾತು

ನಾನು ಮಾಳಿಂಗರಾಯ. ಕಳವು, ಹೊಡೆದಾಟ ಅಂತ ಪೊಲೀಸರ ಕೈಗೆ ಸಿಕ್ಕ ಹುಡುಗರನ್ನಿಡುವ ಬಾಲಮಂದಿರವೊಂದರಲ್ಲಿ ಹದಿನೆಂಟು ವರ್ಷದಿಂದ ಕಾವಲುಗಾರ. ನಮ್ಮಂಥ ಒರಟರನ್ನು ತಿದ್ದಿ ತರಬೇತಿ ಕೊಟ್ಟವರು ಅನ್ನಪೂರ್ಣ ಮೇಡಂ. ಹುಡುಗರ ಮೇಲೆ ಕೈ ಎತ್ತಬಾರದು ಅನ್ನುವುದನ್ನು ಹೇಗೋ ಕಲಿತೆವು. ಅವರ ಒಂದು ಪಾಠ ಮಾತ್ರ ನಮಗೆ ನಗೆಪಾಟಲಾಗಿತ್ತು.

"ಇಲ್ಲಿಂದ ಹೋದ ಹುಡುಗ ಹೊರಗ ಸಿಕ್ಕರ, ನೀವಾಗೇ ಮಾತಾಡಿಸಬ್ಯಾಡ್ರಿ. ಅಂವಾ ಮಾತಾಡಿಸಿದ್ರ ಮಾತಾಡ್ರಿ. ಇಲ್ಲಂದ್ರ ಸುಮ್ನ ನಿಮ್ಮ ದಾರಿ ಹಿಡೀರಿ."

ಆರು ತಿಂಗಳು ಕೂಡಿ ಉಂಡ ಹುಡುಗನನ್ನು ಕಂಡೂ ಕಾಣದಂತೆ ಹೋಗುವುದೇ? ನಮ್ಮ ಕಡೆ ಹಾಗೆ ಹೋದರೆ ಸೊಕ್ಕು ಬಂದಿದೆ ಅಂತಾರೆ.

ನಾಲ್ಕು ವರ್ಷದ ಹಿಂದೆ ಲಕ್ಷ್ಮೇಶ್ವರದ ಪಂಕ್ಚರ್ ಅಂಗಡಿಯೊಂದರಲ್ಲಿ ಅಂಥ ಒಬ್ಬ ಕಂಡ. ನನಗೆ ಹಿಗ್ಗು ತಡೆಯಲಾಗಲಿಲ್ಲ.

"ಏನಲೇ, ಬಾಲಮಂದಿರ ಬಿಟ್ಟ ಮ್ಯಾಲೆ ಮೈ ತುಂಬೇತಲ್ಲೋ!" ಎಂದು ರಸ್ತೆಯಾಚೆಯಿಂದಲೇ ಕೂಗಿದೆ.

ಹುಡುಗ ತಲೆ ತಗ್ಗಿಸಿದ. ಮಾಲೀಕ ಎದ್ದು ಬಂದ. "ಬಾಲಮಂದಿರ? ಏನ್ ಮಾಡಿ ಒಳಗ ಹೋಗಿದ್ದೆಲೇ?"

ಮುಂದಿನ ವಾರ ಹೋದಾಗ ಹುಡುಗ ಅಲ್ಲಿರಲಿಲ್ಲ. ಕೆಲಸದಿಂದ ತೆಗೆದಿದ್ದರು. ಮೇಡಂಗೆ ಹೋಗಿ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು. "ಈಗ ಎಲ್ಲಿದ್ದಾನ ಅಂವಾ?" ಎಂದಷ್ಟೇ ಕೇಳಿದರು. ನನಗೆ ಗೊತ್ತಿರಲಿಲ್ಲ. ಅವತ್ತಿನಿಂದ ಒಂದೇ ಆಸೆ. ಎಲ್ಲಾದರೂ ಸಿಕ್ಕರೆ ಅವನ ಕೈ ಹಿಡಿದು "ತಪ್ಪಾತಪಾ" ಅನ್ನಬೇಕು.

ಕಳೆದ ತಿಂಗಳು ಗದಗಿನಲ್ಲಿ ಮೇಡಂಗೆ ಉತ್ತಮ ತರಬೇತುದಾರರೆಂದು ಸನ್ಮಾನ. ಸಿಬ್ಬಂದಿ ಪರವಾಗಿ ನಾನು ಮಾತಾಡಬೇಕಿತ್ತು. ಹೆಸರು ಬಿಟ್ಟು ಇದೇ ಸಂಗತಿಯನ್ನು ಬರೆದುಕೊಂಡು ಹೋಗಿದ್ದೆ. ತುಂಬಿದ ಸಭೆಯಲ್ಲಿ ತಪ್ಪು ಒಪ್ಪಿಕೊಂಡರೆ ಎದೆಯ ಭಾರವಾದರೂ ಇಳಿದೀತು ಅಂತ.

ವೇದಿಕೆ ಹತ್ತಿದೆ. ಮೈಕ್ ಸರಿಮಾಡಲು ಬಂದವನು ಅವನೇ, ಪಂಕ್ಚರ್ ಅಂಗಡಿಯ ಹುಡುಗ! ಮೀಸೆ ಬಂದಿತ್ತು. "ಜಲ್ದಿ ಮಾಡೋ," ಅಂತ ಮೈಕ್ ಸೆಟ್ಟಿನ ಮಾಲೀಕ ಕೆಳಗಿನಿಂದ ಕೂಗಿದ. ಹುಡುಗ ನನ್ನ ಮುಖ ನೋಡಿದ, ತಟ್ಟನೆ ಮಾಲೀಕನ ಕಡೆ ತಿರುಗಿ ನೋಡಿದ. ನನ್ನ ನಾಲಿಗೆಗೆ ಅವನು ಹೆದರಿದ್ದ. ನನಗೆ ನಾಚಿಕೆಯಾಯಿತು.

"ಸ್ವಲ್ಪ ಕೆಳಗ ಮಾಡ್ರಿ," ಎಂದೆ, ಗುರುತಿಲ್ಲದವರಿಗೆ ಅನ್ನುವ ಹಾಗೆ.

ಬರೆದು ತಂದ ಹಾಳೆ ಜೇಬಿನಿಂದ ಹೊರಗೆ ಬರಲೇ ಇಲ್ಲ.

"ಮೇಡಂ ನಮಗ ಭಾಳ ಕಲಿಸ್ಯಾರ್ರಿ. ಯಾವಾಗ ಸುಮ್ನಿರಬೇಕು ಅನ್ನೂದೂ ಕಲಿಸ್ಯಾರ. ಶರಣ್ರಿ," ಎಂದು ಇಳಿದುಬಿಟ್ಟೆ. ಇಷ್ಟೇನಾ ಎಂಬಂತೆ ವೇದಿಕೆಯ ಮೇಲಿದ್ದ ನಮ್ಮ ಇಲಾಖೆಯ ಸಾಹೇಬರು ಮುಖ ಸಿಂಡರಿಸಿದರು. ಮೇಡಂ ಮಾತ್ರ ಮೈಕಿನವನನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಕಣ್ಣೊರೆಸಿಕೊಂಡರು.

ಸಭೆ ಮುಗಿಯಿತು. ಅವನು ಬಾಗಿಲ ಬಳಿ ಕುಕ್ಕರುಗಾಲಲ್ಲಿ ಕೂತು ವೈರು ಸುತ್ತುತ್ತಿದ್ದ. ಮೇಡಂ ಸನ್ಮಾನದ ಶಾಲು ಹೊದ್ದು ಅವನ ಪಕ್ಕದಲ್ಲೇ ಹಾದುಹೋದರು, ತಿರುಗಿ ನೋಡಲಿಲ್ಲ. ಅವರ ಹಿಂದೆ ನಾನು. "ತಪ್ಪಾತಪಾ" ಗಂಟಲ ತನಕ ಬಂತು. ಅದನ್ನು ಹೇಳಿದರೆ ಹಗುರಾಗುವವನು ನಾನು, ಮತ್ತೆ ಕೆಲಸ ಕಳೆದುಕೊಳ್ಳುವವನು ಅವನು. ನುಂಗಿಕೊಂಡೆ.

ಹೊಸ್ತಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುವ ನೆಪದಲ್ಲಿ ಸ್ವಲ್ಪ ತಡೆದೆ, ಅವನಾಗಿಯೇ ಮಾತಾಡಿಸಿಯಾನು ಅಂತ.

ಅವನು ಮಾತಾಡಿಸಲಿಲ್ಲ. ನಾನು ನನ್ನ ದಾರಿ ಹಿಡಿದೆ.