ಉಂಗುರದ ಬದಿಯ ಬಾಗು

ಹೊಲಿಗೆಯವಳ ಕೈಗೆ ಎತ್ತರದ ಹರಳಿನ ಉಂಗುರ ತೊಡಿಸಬಾರದು. ನಿಶ್ಚಿತಾರ್ಥವಾದಾಗಿನಿಂದ ನಾನು ಮುಟ್ಟಿದ ರೇಷ್ಮೆಯಲ್ಲೆಲ್ಲ ಎಳೆ ಏಳುತ್ತಿತ್ತು, ಗಿರಾಕಿಗಳಿಗೆ ಮುಖ ತೋರಿಸುವುದೇ ಕಷ್ಟವಾಗಿತ್ತು. ಅದು ಸಾಲದೆಂಬಂತೆ ಹರಳಿನ ಒಂದು ಬದಿಯಲ್ಲಿ ಇಲಿ ಕಚ್ಚಿದ ಹಾಗೆ ಒಂದು ಬಾಗು ಬೇರೆ. ಕೇಳಿದರೆ "ಅದು ಡಿಸೈನು" ಎಂದಿದ್ದ ನನ್ನ ಹುಡುಗ. ಅಂಥ ಡಿಸೈನು ಮಾಡಿದವನು ಕೈಗೆ ಸಿಕ್ಕರೆ ಬಿಡುವವಳಲ್ಲ ನಾನು.

ಹರಳನ್ನು ತಗ್ಗಿಸಿ, ಬಾಗನ್ನು ತುಂಬಿಸಿ, ಮದುವೆಯ ದಿನಕ್ಕೆ ಅದಕ್ಕೊಪ್ಪುವ ಸಾದಾ ಉಂಗುರವನ್ನೂ ಆರಿಸೋಣವೆಂದು ಇವನನ್ನು ಮಾಮನ ಅಂಗಡಿಗೆ ಎಳೆದುಕೊಂಡು ಹೋದೆ. ಅಮ್ಮನ ತಮ್ಮ ಅಕ್ಕಸಾಲಿಗರು. "ಇದ್ದ ಹಾಗೇ ಚೆನ್ನಾಗಿದೆಯಲ್ಲ" ಎಂದು ಇವನು ದಾರಿಯುದ್ದಕ್ಕೂ ರಾಗ ಎಳೆದ. ಗಂಡಸರಿಗೆ ಒಡವೆ ಅಂಗಡಿಯೆಂದರೆ ಅಷ್ಟಕ್ಕಷ್ಟೇ ಎಂದು ಸುಮ್ಮನಾದೆ.

ಮಾಮ ಉಂಗುರವನ್ನು ಭೂತಗನ್ನಡಿಯಲ್ಲಿ ನೋಡಿ ನಕ್ಕರು.

"ಇದನ್ನ ತುಂಬಿಸ್ತಾರೇನೇ ಹುಚ್ಚಿ? ಜೊತೆ ಉಂಗುರ ಬಂದು ಕೂರೋ ಜಾಗ ಇದು. ಎರಡನ್ನೂ ಒಟ್ಟಿಗೇ ಮಾಡಿರ್ತಾರೆ. ಏನ್ ಅಳಿಯಂದ್ರೆ, ಅಂಗಡಿಯೋನು ಅರ್ಧ ಸಾಮಾನು ಕೊಟ್ಟು ಟೋಪಿ ಹಾಕಿದ್ನಾ?"

"ಗೊತ್ತಿಲ್ಲ ಮಾಮ" ಎಂದ ಇವನು. ನನ್ನ ಕಡೆ ನೋಡಲಿಲ್ಲ.

ಹಳೆಯ ಉಂಗುರ ಕೊಂಡರೆ ಮಾಮ ಕೂಡಲೇ ಕರಗಿಸುವವರಲ್ಲ. ಹೊಸ ಉಂಗುರದ ಚಿತ್ರ ಬರೆದು ತೋರಿಸಿದರೆ ಗಿರಾಕಿಗಳ ತಲೆಗೆ ಹೋಗುವುದಿಲ್ಲ, ಹಳೆಯದನ್ನು ಬೆರಳಿಗೆ ಹಾಕಿ ನೋಡಲಿ ಎಂದು ಒಂದು ಡಬ್ಬಿಯಲ್ಲಿ ಇಟ್ಟಿರುತ್ತಾರೆ. ಆ ಡಬ್ಬಿಯನ್ನು ನನ್ನ ಮುಂದೆ ಸುರಿದರು. ನಾನು ಒಂದೊಂದನ್ನೇ ನನ್ನ ಉಂಗುರದ ಪಕ್ಕ ಏರಿಸುತ್ತ ಹೋದೆ. ದಪ್ಪದ್ದು, ತೆಳುವಿನದು, ತಿರುಚಿದ್ದು, ಯಾವುದೂ ಒಗ್ಗಲಿಲ್ಲ. ಆಮೇಲೆ ಒಂದು ಡೊಂಕು ಉಂಗುರ ಸಿಕ್ಕಿತು. ಜಾರಿ ಬಂದು ಆ ಬಾಗಿನಲ್ಲಿ ಟಿಕ್ಕೆಂದು ಕೂತಿತು. ನಡುವೆ ಒಂದು ಕೂದಲು ತೂರುವಷ್ಟೂ ಸಂದಿರಲಿಲ್ಲ.

"ನೋಡು, ಹೇಳಿ ಮಾಡಿಸಿದ ಹಾಗಿದೆ!" ಎಂದು ಖುಷಿಯಿಂದ ಕೈಯನ್ನು ಇವನ ಮುಖದ ಮುಂದೆ ಹಿಡಿದೆ.

ಇವನ ಮುಖದಲ್ಲಿ ರಕ್ತವೇ ಇರಲಿಲ್ಲ.

ಮಾಮ ನನ್ನ ಕೈ ಹಿಡಿದು ಬೆಳಕಿಗೆ ತಿರುಗಿಸಿದರು. ಅವರ ನಗು ನಿಂತಿತು. "ಎರಡೂ ಒಂದೇ ಕೈಕೆಲಸ. ಈ ಡೊಂಕಿನದನ್ನ ಒಬ್ಳು ಹೆಂಗಸು ಮೊನ್ನೆ ಮೊನ್ನೆ ಮಾರಿ ಹೋದ್ಲು. ಅಡಿ ಸವೆದಿದೆ ನೋಡು, ವರ್ಷಗಟ್ಟಲೆ ಹಾಕಿದ್ದು."

ಬೆರಳು ನನ್ನದೇ, ಆದರೂ ಮುಟ್ಟಲು ಅಸಹ್ಯವಾಯಿತು.

"ನನಗೋಸ್ಕರ ಆರಿಸ್ದೆ ಅಂದಿದ್ಯಲ್ಲ?"

"ಮೊದಲು ಮದುವೆಯಾಗಿತ್ತು" ಎಂದ. "ಮುರಿದುಹೋಯ್ತು. ಈ ಹರಳಿನದನ್ನ ನನ್ನ ಮುಖಕ್ಕೆ ಎಸೆದು ಹೋದ್ಲು, ಡೊಂಕಿನದನ್ನ ಇಟ್ಕೊಂಡ್ಳು. ಹೇಳ್ಬೇಕು ಹೇಳ್ಬೇಕು ಅಂತಾನೇ..."

ಮುಂದಿನ ತಿಂಗಳು ಮದುವೆ. ಕರೆಯೋಲೆ ಹಂಚಿಯಾಗಿದೆ. ನನ್ನ ಮದುವೆಯ ಬಟ್ಟೆಯನ್ನು ನಾನೇ ಹೊಲಿದಿದ್ದೇನೆ, ಇನ್ನು ಅಂಚು ಮಡಿಸುವುದಷ್ಟೇ ಬಾಕಿ ಇದೆ. ಇವನು ಒಬ್ಬ ಹೆಂಡತಿಯನ್ನೇ ಬಾಯಿಬಿಡದೆ ನುಂಗಿಕೊಂಡು ಕೂತಿದ್ದ! ಬೈಯಲು ಬಾಯಿ ತೆರೆದರೆ ಹೊರಟದ್ದು ಹೊಟ್ಟೆಕಿಚ್ಚಿನ ಮಾತು.

"ಹೇಗಿದ್ಲು ಮಾಮ ಅವಳು? ಒಬ್ಳೇ ಬಂದಿದ್ಲಾ?"

ಮಾಮ ಇವನನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಮುಚ್ಚಿಡುವ ಅಭ್ಯಾಸ ಅವರಿಗಿಲ್ಲ.

"ಜೊತೇಲಿ ಮಗಳಿದ್ಲು. ಸ್ಕೂಲ್ ಯೂನಿಫಾರಂ ಹಾಕ್ಕೊಂಡಿದ್ಲು. ಅಮ್ಮನ ಉಂಗುರ ಯಾಕೆ ಕೊಡ್ಬೇಕು ಅಂತ ನನ್ನ ಜೊತೆ ಜಗಳಕ್ಕೇ ನಿಂತ್ಲು."

ಮಗಳು. ನಾಲಿಗೆಯ ತುದಿಗೆ ಬಂದಿದ್ದ ಬೈಗುಳವನ್ನೆಲ್ಲ ಒಟ್ಟಿಗೆ ಉಗುಳೋಣವೆಂದು ಇವನತ್ತ ತಿರುಗಿದೆ. ಇವನು ಕುರ್ಚಿಯಿಂದ ಎದ್ದು ಮಾಮನ ಮೇಜಿನ ಅಂಚು ಹಿಡಿದು ನಿಂತಿದ್ದ. ನಾನೊಬ್ಬಳು ಅಲ್ಲಿರುವುದೇ ಮರೆತುಹೋದವನಂತಿದ್ದ.

"ಮಾಮ, ಈ ಮೇಜಿಗೆ ಎಟುಕೋವಷ್ಟು ಉದ್ದ ಆಗಿದಾಳಾ ನನ್ನ ಮಗಳು?"

ಮಾಮ ಸುರಿದಿದ್ದ ಉಂಗುರಗಳನ್ನು ಡಬ್ಬಿಗೆ ತುಂಬತೊಡಗಿದರು.

ಹೆಂಡತಿಯನ್ನು ಮುಚ್ಚಿಟ್ಟದ್ದಕ್ಕೆ ನನಗೆ ಸಿಟ್ಟು ಬಂದಿತ್ತು. ಸ್ವಂತ ಮಗಳ ಎತ್ತರವನ್ನು ಅಕ್ಕಸಾಲಿಗನಲ್ಲಿ ಕೇಳಿ ತಿಳಿಯುವವನನ್ನು ನೋಡಿ ಹೆದರಿಕೆಯಾಯಿತು. ಎರಡು ಉಂಗುರಗಳನ್ನೂ ಒಟ್ಟಿಗೇ ಕಳಚಿ ಇವನ ಅಂಗೈಗೆ ಹಾಕಿದೆ.

"ನೀನೇ ಹೋಗಿ ಮಗಳನ್ನ ನೋಡ್ಕೊಂಡು ಬಾ" ಎಂದೆ. "ಆಮೇಲೆ ನನ್ನ ಮನೆ ಬಾಗಿಲಿಗೆ ಬರ್ಬೇಕೋ ಬೇಡ್ವೋ ಅಂತ ನಾನು ಹೇಳ್ತೀನಿ."