ಮೂಲೆಯ ತುತ್ತು

“ಕೈ ತಪ್ಪಿ ಬಿದ್ದೈತಿ ಅಂತ ಬರದಿ?” ಪಾರವ್ವ ಸೂಜಿಯನ್ನು ಕೌದಿಗೆ ಚುಚ್ಚಿ ತಲೆಯೆತ್ತಿದಳು. “ಯಾರ ಕೈ ತಪ್ಪಿತು?”

ಸರಿತಾ ಮೊಬೈಲಿನಿಂದ ಕಣ್ಣು ತೆಗೆಯಲಿಲ್ಲ. ಬರೆದದ್ದನ್ನು ಅತ್ತೆಗೆ ಓದಿ ಹೇಳಬಾರದಿತ್ತು ಅನ್ನಿಸಿತು.

ದೂರದ ಊರಿನ ಗಿರಾಕಿಯೊಬ್ಬಳು ಅವರ ಕೌದಿ ತರಿಸಿಕೊಂಡಿದ್ದಳು. ಮೂಲೆಯಲ್ಲಿ ಏನೋ ಗಟ್ಟಿ ಹತ್ತಿತೆಂದು ಹೊಲಿಗೆ ಬಿಚ್ಚಿದರೆ ಒಳಗೆ ರೊಟ್ಟಿಯ ಚೂರು. ‘ಎಂಜಲು ಸಿಕ್ಕಿದೆ, ಹೊಲಸು ಮಾಲು’ ಎಂದು ಫೋಟೊ ತೆಗೆದು ತನ್ನ ಬ್ಯಾಂಕಿಗೆ ತಕರಾರು ಕೊಟ್ಟಳು. ಬ್ಯಾಂಕು ಹಣ ತಡೆದು, ಮಾರಾಟದ ಆ್ಯಪಿನ ಮೂಲಕ ಇವರಿಂದ ಪುರಾವೆ ಕೇಳಿತ್ತು. ಹಣ ಹೋದರೆ ಹೋಗಲಿ, ತಕರಾರು ಸೋತರೆ ಅಂಗಡಿಯೇ ಬಂದ್ ಆಗುತ್ತದೆ ಎಂದಿದ್ದಳು ಗೋಕಾಕದ ಸುಜಾತಾ. ಅಂಕಲಗಿಯ ಹೆಂಗಸರು ಹೊಲಿದ ಕೌದಿಗಳನ್ನು ಆ್ಯಪಿಗೆ ಹತ್ತಿಸಿಕೊಟ್ಟವಳು ಆಕೆ. ‘ಪಾರವ್ವನ ಕೌದಿ’ ಎಂದು ಅಂಗಡಿಗೆ ಹೆಸರಿಟ್ಟವಳೂ ಆಕೆಯೇ. ಕೈತಪ್ಪಿನಿಂದ ಆಯಿತು, ಇನ್ನು ಮುಂದೆ ಹೀಗಾಗದು ಎಂದು ಬರೆದರೆ ಗಿರಾಕಿ ಮೆತ್ತಗಾದಾಳು ಎಂಬ ಸಲಹೆಯೂ ಆಕೆಯದೇ.

ಕೌದಿಯ ಕೊನೆಯ ಮೂಲೆಯನ್ನು ಖಾಲಿ ಮುಚ್ಚುವುದಿಲ್ಲ. ಹಂಚಿನಿಂದ ಇಳಿಸಿದ ಮೊದಲ ರೊಟ್ಟಿಯನ್ನು ಖಡಕ್ಕಾಗಿ ಒಣಗಿಸಿ, ಅದರದೊಂದು ಚೂರನ್ನು ತುತ್ತೆಂದು ಒಳಗಿಟ್ಟು ಹೊಲಿಯಬೇಕು. ಹಸಿದ ಕೌದಿ ಯಾರನ್ನೂ ಬೆಚ್ಚಗಿಡದು. ತುತ್ತು ಇಡುವ ಕೈ ಮನೆಯ ಹಿರಿಯಳದು. ಮದುವೆಯಾಗಿ ಬಂದಂದಿನಿಂದ ಸರಿತಾ ಹೊಲಿಯುತ್ತಲೇ ಇದ್ದಳು, ತುತ್ತು ಇಟ್ಟವಳಲ್ಲ. ಆ್ಯಪಿನಲ್ಲಿ ಕೌದಿಯ ಉದ್ದ, ಅಗಲ, ಒಗೆಯುವ ರೀತಿ ಎಲ್ಲ ಬರೆದಿದ್ದಳು. ತುತ್ತಿನ ಸುದ್ದಿ ಬರೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಕೌದಿ ಎಂದ ಮೇಲೆ ತುತ್ತು ಇದ್ದೇ ಇರುತ್ತದಲ್ಲ.

“ಅವ್ರಿಗೆ ತುತ್ತು ಅಂದ್ರೇನ ಗೊತ್ತಿಲ್ರಿ ಅತ್ತಿ.”

“ಗೊತ್ತಿಲ್ದಿದ್ರ ತಿಳಿಸಿ ಹೇಳು. ಸುಳ್ಳ್ಯಾಕ ಹೇಳ್ತಿ?”

“ಅಂಗಡಿ ಬಂದ್ ಆದ್ರ?”

“ಆಗವಲ್ದ್ಯಾಕ. ಯಾರೂ ಉಣ್ಣೂಕಿಂತ ಮೊದಲ ಎತ್ತಿಟ್ಟ ರೊಟ್ಟಿ ಅದು. ಅದಕ್ಕ ಎಂಜಲ ಅಂದಾಳ ಅಕಿ, ನೀನೂ ಹೂಂ ಅಂತಿ. ನನ್ನ ಹೆಸರಿನ ಅಂಗಡಿಯಾಗ ಕುಂತ ನನಗ ಕೈತಪ್ಪಾಕಿ ಅಂತಿ.” ಪಾರವ್ವ ಸೂಜಿ ಕಿತ್ತು ಮತ್ತೆ ಹೊಲಿಯತೊಡಗಿದಳು.

ಮಗಳು ಕಾಜಲ್ ಹುಟ್ಟಿದ್ದು ಚಳಿಗಾಲದಲ್ಲಿ. ಬಾಣಂತಿ ಸರಿತಾ ಹಸಿಗೂಸಿಗೆ ಹೊದಿಸಿದ ಪುಟ್ಟ ಕೌದಿಯ ಮೂಲೆಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಬೆರಳಿಗೆ ಗಟ್ಟಿ ಹತ್ತಿದರೆ ಏನೋ ಧೈರ್ಯ. ಆ ತುತ್ತನ್ನೂ ಕೈತಪ್ಪೆಂದು ಬರೆಯಲಾದೀತೇ?

ಬರೆದದ್ದು ಇನ್ನೂ ಬ್ಯಾಂಕಿಗೆ ಹೋಗಿರಲಿಲ್ಲ, ತಿದ್ದಲು ಅವಕಾಶವಿತ್ತು. ಅವಳು ಹಳೆಯದನ್ನೆಲ್ಲ ಅಳಿಸಿದಳು. ತುತ್ತು ಯಾಕೆ, ಯಾವ ರೊಟ್ಟಿಯದು, ಯಾರ ಕೈಯದು ಎಂದು ಬರೆದಳು. ಮೊದಲೇ ತಿಳಿಸದಿದ್ದದ್ದು ನಮ್ಮ ತಪ್ಪು, ಇಟ್ಟದ್ದು ತಪ್ಪಲ್ಲ ಎಂದಳು.

“ಅತ್ತಿ, ತುತ್ತು ಇಡೂದರ ಫೋಟೊ ಬೇಕ್ರಿ.”

ಪಾರವ್ವ ಎದ್ದು ಒಳಗೆ ಹೋದವಳು ಬೇಗ ಬರಲಿಲ್ಲ. ಬಂದಾಗ ಇಳಕಲ್ ಸೀರೆ ಉಟ್ಟಿದ್ದಳು. ಹಣೆಯಲ್ಲಿ ವಿಭೂತಿ, ಕೈತುಂಬ ಹಸಿರು ಬಳೆ.

“ಕೈ ಅಷ್ಟ ಸಾಕಿತ್ತಲ್ರಿ.”

“ಕೈ ಯಾರದು ಅಂತ ಅಕಿಗೆ ಗೊತ್ತಾಗೂದ ಬ್ಯಾಡ? ತಗಿ.”

ಸರಿತಾ ಫೋಟೊ ಸೇರಿಸಿದಳು. ಕಳಿಸುವ ಮುನ್ನ ಸುಜಾತಾಗೆ ಫೋನ್ ಮಾಡಿ ಬರೆದದ್ದನ್ನು ಓದಿದಳು.

“ಸರಿತಾಕ್ಕಾ, ಹಿಂಗ ಬರದ್ರ ಸೋಲಬಹುದ್ರಿ.”

“ಸೋತರ ಸೋಲೂಣ್ರಿ ಮೇಡಂ. ಖರೇ ಬರದೇನಿ.”

ಜೋಳದ ರಾಶಿ ಮುಗಿಯುವ ಹೊತ್ತಿಗೆ ಸುಜಾತಾಳ ಫೋನ್ ಬಂತು. ರೊಟ್ಟಿ ಬಡಿಯುತ್ತಿದ್ದ ಸರಿತಾ ಸ್ಪೀಕರ್ ಹಚ್ಚಿದಳು. ಗಿರಾಕಿ ತಕರಾರು ಹಿಂದಕ್ಕೆ ತೆಗೆದುಕೊಂಡಿದ್ದಳು. ಕಾರಣ ತಿಳಿಸಿರಲಿಲ್ಲ. ಬಿಚ್ಚಿದ ಮೂಲೆಯನ್ನು ಮತ್ತೆ ಹೊಲಿಯುವುದು ಹೇಗೆಂದಷ್ಟೇ ಕೇಳಿದ್ದಳು.

“ಕೇಳಿದ್ರೇನ್ರಿ ಅತ್ತಿ?” ಸರಿತಾ ಒಲೆಯ ಮುಂದಿನಿಂದಲೇ ಕೂಗಿದಳು.

“ಕೇಳಿತು. ಕಿವುಡಿ ಆಗಿಲ್ಲ ಇನ್ನ. ಬಾ ಇಲ್ಲಿ.”

ಪಡಸಾಲೆಯಲ್ಲಿ ಹೊಸ ಕೌದಿ ಹಾಸಿತ್ತು. ಮೂರು ಮೂಲೆ ಮುಗಿದು ಒಂದು ಉಳಿದಿತ್ತು. ಪಾರವ್ವ ಒಣರೊಟ್ಟಿಯ ಚೂರೊಂದನ್ನು ಮುರಿದು ಸೊಸೆಯ ಮುಂದೆ ಹಿಡಿದಳು.

“ನೀ ಇಡು.”

ಸರಿತಾಳ ಕೈಗೆ ಜೋಳದ ಹಿಟ್ಟು ಮೆತ್ತಿತ್ತು. ಸೆರಗಿಗೆ ಒರೆಸಿಕೊಂಡಳು. ಸಾಲದೆನಿಸಿ ಮತ್ತೊಮ್ಮೆ ಒರೆಸಿಕೊಂಡು ಕುಳಿತಳು. ಪಾರವ್ವ ಸೂಜಿಗೆ ದಾರ ಪೋಣಿಸುತ್ತಿದ್ದಳು.