ಏಳನೇ ಹಾಡು ನುಡಿಸಿದ ಕೈ

ಬಿಷ್ಕೆಕ್‌ನ ನಮ್ಮ ಪುಟ್ಟ ರೇಡಿಯೋದಲ್ಲಿ ಹೊಸ ರಾಕ್ ಆಲ್ಬಂಗಳ ಬಗ್ಗೆ ಪ್ರತಿ ಶುಕ್ರವಾರ ಮಧ್ಯಾಹ್ನ ಮಾತಾಡುತ್ತಿದ್ದವರು ಸಾಯ್ರಾಗುಲ್. ನಮಗೆಲ್ಲ ಅವರು 'ಎಜೆ', ಅಕ್ಕ. ಹಲ್ಲಿನ ಸೆಟ್ ತಯಾರಿಸುವುದು ಅವರ ಕಸುಬು. ಒಂದು ವಾದ್ಯವೂ ಬಾರದು. ಮೂವತ್ತು ವರ್ಷದಿಂದ ಹಲ್ಲುಗಳಿಗೆ ಅರ ಹಾಕುತ್ತಾ, ಹೆಡ್‌ಫೋನ್‌ನಲ್ಲಿ ಕೇಳುತ್ತಾ ಬಂದವರು, ಅಷ್ಟೇ.

ಒಂದು ಶುಕ್ರವಾರ ಗಾಯಕ ಎರ್ಲಿಸ್ ತಾನೇ ಸ್ಟುಡಿಯೋಗೆ ಬಂದಿದ್ದ. ಅವನ ತಂಡದ ಹೊಸ ಆಲ್ಬಂ ಊರಿಡೀ ಹಬ್ಬಿತ್ತು. ಜೊತೆಗೆ ಡ್ರಮ್ಸ್ ನುಡಿಸುವ ತಾಲಾಯ್.

"ಎಜೆ, ಇವತ್ತು ಸ್ವಲ್ಪ ಮೆತ್ತಗೆ," ಎಂದು ಕಾರ್ಯಕ್ರಮ ನಡೆಸುವ ನಾನು ಮೊದಲೇ ಬೇಡಿಕೊಂಡಿದ್ದೆ.

ಅವರು ಮೆತ್ತಗೇ ಶುರುಮಾಡಿದರು. "ಮೊದಲ ಮೂರು ಹಾಡು ತೊಂಬತ್ತರ ದಶಕದ ಅಮೆರಿಕದ ರಾಕ್‌ನಿಂದ ಬಂದಿವೆ. ತಪ್ಪೇನಿಲ್ಲ, ಎಲ್ರೂ ಅಲ್ಲಿಗೆ ಹೋಗಿ ಬಂದೋರೇ. ಐದನೇದ್ರಲ್ಲಿ ಸೋವಿಯತ್ ಕಾಲದ ಲೆನಿನ್‌ಗ್ರಾಡ್‌ನ ಹಳೇ ರಾಕ್ ಕ್ಯಾಸೆಟ್‌ಗಳ ಚಳಿ ಇದೆ. ಏಳನೇದು ಮಾತ್ರ ಹೊರಗಿಂದ ಬಂದಿದ್ದಲ್ಲ, ಅದರ ಗಿಟಾರ್ ನುಡಿಸೋ ರೀತಿ ನಮ್ಮ ಮೂರು ತಂತಿಯ ವಾದ್ಯ ಕೋಮುಜ್‌ನಿಂದ ಬಂದಿದ್ದು. ಇಡೀ ಆಲ್ಬಂ ನಿಂತಿರೋದೇ ಆ ಹಾಡಿನ ಮೇಲೆ."

"ನಾನೇ ಬರೆದಿದ್ದು, ನಾನೇ ನುಡಿಸಿದ್ದು," ಎಂದು ಎರ್ಲಿಸ್ ನಕ್ಕ.

"ಬರೆದಿರಬಹುದು ತಮ್ಮಾ. ನುಡಿಸಿದ ಕೈ ನಿಂದಲ್ಲ. ನೀನು ಪಿಕ್ ಹಿಡಿದು ತಂತಿ ಮೀಟ್ತೀಯ. ಆ ಹಾಡಲ್ಲಿ ಬರೀ ಬೆರಳು, ಹಿಂದಕ್ಕೆ ಬರುವಾಗ ಉಗುರು ತಂತಿಗೆ ತಾಗುತ್ತೆ."

ಎರ್ಲಿಸ್‌ನ ನಗು ಇಳಿಯಿತು. "ನೀವು ಹಲ್ಲು ಮಾಡೋರು. ಹಲ್ಲು ನೋಡ್ಕೊಳ್ಳಿ."

"ಗಿಟಾರ್ ನಿನ್ನ ಪಕ್ಕದಲ್ಲೇ ಇದೆ. ನುಡಿಸು. ನಂದು ತಪ್ಪಾದ್ರೆ ಇಲ್ಲೇ ಕ್ಷಮೆ ಕೇಳ್ತೀನಿ."

ಗಾಜಿನಾಚೆ ನಮ್ಮ ಮಾಲೀಕರು ನಿಲ್ಲಿಸು ಎಂದು ಕೈಸನ್ನೆ ಮಾಡುತ್ತಿದ್ದರು. ಜಾಹೀರಾತಿನ ಗುಂಡಿಯ ಮೇಲೆ ನನ್ನ ಬೆರಳಿತ್ತು. ಒತ್ತಿದ್ದರೆ ಎಲ್ಲ ಮುಗಿಯುತ್ತಿತ್ತು. ನಾನು ಒತ್ತಲಿಲ್ಲ. ಯಾಕೆಂದು ಇವತ್ತಿಗೂ ಸರಿಯಾಗಿ ಹೇಳಲಾರೆ.

ಎರ್ಲಿಸ್ ಗಿಟಾರ್ ಎತ್ತಿಕೊಂಡ. ಸ್ವರಗಳೆಲ್ಲ ಸರಿಯಾಗಿದ್ದವು, ಆದರೆ ಹಾಡು ಏಳಲಿಲ್ಲ. ಪಿಕ್ ಬಿಟ್ಟು ಬೆರಳಲ್ಲಿ ನೋಡಿದ. ಲಯ ಎಡವಿತು. ಮತ್ತೆ ಶುರುಮಾಡಿ, ಅರ್ಧಕ್ಕೇ ನಿಂತ. ಎಲ್ಲವೂ ಊರಿಗೆ ನೇರ ಪ್ರಸಾರವಾಗುತ್ತಿತ್ತು.

"ಅದು ಮೀರಿಮ್ ಕೈ," ಎಂದ ತಾಲಾಯ್.

ಮೀರಿಮ್ ಆ ತಂಡದ ಗಿಟಾರ್ ವಾದಕಿ. ಆಲ್ಬಂ ಹೊರಬರುವ ಮೂರು ತಿಂಗಳ ಮೊದಲು ಅವಳನ್ನು ತಂಡದಿಂದ ತೆಗೆದಿದ್ದರು. ಆಲ್ಬಂನಲ್ಲಿ ಎಲ್ಲಿಯೂ ಅವಳ ಹೆಸರಿರಲಿಲ್ಲ.

"ಬಾಯಿ ಮುಚ್ಚು," ಎಂದ ಎರ್ಲಿಸ್.

"ಅವಳನ್ನ ತೆಗೆದಾಗಿಂದ ಮುಚ್ಕೊಂಡೇ ಇದ್ದೆ. ಹಾಡೂ ಅವಳದೇ." ತಾಲಾಯ್ ಕಣ್ಣು ಮೇಜು ಬಿಟ್ಟು ಮೇಲೇಳಲಿಲ್ಲ.

ಎರ್ಲಿಸ್ ಹೆಡ್‌ಫೋನ್ ಕಿತ್ತಿಟ್ಟು ಹೊರನಡೆದ. ಬಾಗಿಲು ತಾನಾಗಿಯೇ ಮೆಲ್ಲನೆ ಮುಚ್ಚಿಕೊಂಡಿತು. ನಾನು ಏನೋ ತೊದಲಿ ಏಳನೇ ಹಾಡು ಹಾಕಿದೆ.

ಮಾಲೀಕರು ಎರಡು ವಾರ ಕಾರ್ಯಕ್ರಮ ನಿಲ್ಲಿಸಿದರು. ಆ ಹೊತ್ತಿಗೆ ಆಲ್ಬಂನ ಅಂತರ್ಜಾಲ ಪುಟದಲ್ಲಿ ಮೀರಿಮ್ ಹೆಸರು ಸೇರಿತು. ಕ್ಷಮೆಯ ಮಾತೊಂದೂ ಇರಲಿಲ್ಲ. ತಾಲಾಯ್ ತಂಡ ಬಿಟ್ಟ.

ಮೂರನೇ ವಾರ ಮೀರಿಮ್ ಎಜೆ ಹಲ್ಲು ತಯಾರಿಸುವ ಜಾಗಕ್ಕೇ ಬಂದಳಂತೆ. ಥ್ಯಾಂಕ್ಸ್ ಹೇಳಿದ ಮೇಲೆ ಸ್ವಲ್ಪ ಹಿಂಜರಿದು, "ಎಜೆ, ನಾನು ಕೋಮುಜ್ ಮುಟ್ಟಿದವಳೇ ಅಲ್ಲ. ಆ ಉಗುರಿನ ಪೆಟ್ಟು ಕಲ್ತಿದ್ದು ಸ್ಪೇನ್‌ನ ಒಂದು ರಾಕ್ ಆಲ್ಬಂ ಕೇಳಿ," ಎಂದಳಂತೆ.

ಕಾರ್ಯಕ್ರಮ ಮತ್ತೆ ಶುರುವಾದ ಶುಕ್ರವಾರ ಎಜೆ ಮೈಕ್ ಮುಂದೆ ಕೂತು, "ಕೈ ಎರ್ಲಿಸ್‌ದಲ್ಲ ಅಂತ ಸರಿಯಾಗೇ ಹೇಳಿದ್ದೆ. ಆ ಕೈಗೆ ಕಲಿಸಿದ್ದು ಯಾರು ಅನ್ನೋದ್ರಲ್ಲಿ ಪೂರ್ತಿ ತಪ್ಪಿದೆ," ಎಂದು ಹೇಳಿ, ಆ ಸ್ಪೇನ್ ಆಲ್ಬಂನ ಮೊದಲ ಹಾಡು ಹಾಕಲು ನನಗೆ ಸನ್ನೆ ಮಾಡಿದರು.